‘ಯವ್ವಾ, ಕೂಸನ್ನ ನೀನ ಇಟ್ಕೋ’ ಎಂದ ಮಗಳು

ಪ್ರಶ್ನೆ:

ನನ್ನ ದೊಡ್ಡ ಮಗಳು ಎರಡನೇ ಬಾಣಂತನಕ್ಕ ತವರಿಗೆ ಬಂದಾಳ. ಹೆರಿಗಿ ಆಗಿ ಏಳು ವಾರ ಆತು. ಸಿಜೇರಿಯನ್ ಆಗೇತಿ. ಮೊದಲನೇದು ಹೆಣ್ಣು, ಇದೂ ಹೆಣ್ಣು. ಅಳಿಯ ದವಾಖಾನಿಗೆ ಬಂದು ಕೂಸಿನ ಮಾರಿ ನೋಡಿ ಹೋದವರು, ಆಮ್ಯಾಲೆ ಒಮ್ಮೆ ಬಂದಾರ ಅಷ್ಟ. ಬೀಗತಿ ಫೋನ್ ಮಾಡಿದಾಗೆಲ್ಲ ‘ಯಾವಾಗ ಕಳಸ್ತೀರಿ’ ಅಂತ ಒಂದ ಮಾತು.

ಮಗಳು ಮೊದಲ ಹಿಂಗ ಇರಲಿಲ್ಲ. ಈಗ ಗ್ವಾಡಿ ಕಡೆ ಮಾರಿ ಮಾಡಿ ಮಲಗತಾಳ. ಕೂಸು ಮಲಗಿದ್ರೂ ಇಕಿಗೆ ನಿದ್ದಿ ಇಲ್ಲ. ಅಂಟಿನುಂಡಿ, ಅಳ್ವಿ ಪಾಯಸ ಮಾಡಿಕೊಟ್ರ ಒಂದು ತುತ್ತು ತಿಂದು ಸರಿಸಿಬಿಡತಾಳ. ಕೂಸು ಅತ್ರ ಎತ್ತಿಕೊಂಡು ಹಾಲು ಕುಡಸತಾಳ, ಆದ್ರ ಅದರ ಮಾರಿ ನೋಡೂದಿಲ್ಲ. ಹೋದ ವಾರ ‘ಯವ್ವಾ, ಕೂಸನ್ನ ನೀನ ಇಟ್ಕೋ. ನಾ ಇಲ್ಲದಿದ್ರ ಇವಕ್ಕ ಚಲೋ ಆಕ್ಕಿತ್ತು’ ಅಂದ್ಲು. ಎದಿ ಒಡದಂಗ ಆತು. ಸಿಟ್ಟಿಗೆದ್ದು ಬೈದೆ. ಅವತ್ತಿನಿಂದ ಅಕಿ ಮಾತ ಆಡೂದ ಕಡಿಮಿ ಮಾಡ್ಯಾಳ. ಹೊಲಿಗಿ ತೋರಸಾಕ ಹೋದಾಗ ಡಾಕ್ಟರು ಎಲ್ಲಾ ನಾರ್ಮಲ್ ಐತಿ ಅಂದ್ರು.

ನನ್ನ ತಂಗಿ ಮಾನಸಿಕ ಡಾಕ್ಟರಿಗೆ ತೋರಸು ಅಂತಾಳ. ಮನಿಯವರು ಒಪ್ಪೂದಿಲ್ಲ. ‘ಧಾರವಾಡಕ್ಕ ಕರಕೊಂಡ ಹೋಗ್ಯಾರ’ ಅಂದ್ರ ನಮ್ಮ ಕಡೆ ಮಂದಿ ಏನ ತಿಳಕೋತಾರ ನಿಮಗ ಗೊತ್ತೈತಿ. ಬೀಗರಿಗೆ ತಿಳಿದು, ಹುಚ್ಚಿ ಅಂತ ಹೇಳಿ ಕೂಸನ್ನ ಕಸಕೊಂಡು ಮಗಳನ್ನ ಇಲ್ಲೇ ಬಿಟ್ರ ಏನ ಮಾಡೂದು? ದವಾಖಾನ್ಯಾಗ ಕೂಸನ್ನ ಬ್ಯಾರೆ ಇಡತಾರಂತ, ಖರೇನ ಏನ್ರಿ? ಗುಳಿಗಿ ತೊಗೊಂಡ್ರ ಎದಿಹಾಲು ಬಿಡಸಬೇಕಂತ. ಗಂಡನ ಮನಿಗೆ ಹೋದ್ರ ತಾನ ಸರಿ ಹೋಗತಾಳ ಅಂತ ಇವರು ಅಂತಾರ. ಏನ ಮಾಡಲ್ರಿ?

– ಹೆಸರು ಬ್ಯಾಡ, ಹಳೇ ಹುಬ್ಬಳ್ಳಿ

ಉತ್ತರ:

ಅಕ್ಕಾವ್ರೆ,

ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ. ಎಲ್ಲಕ್ಕೂ ಉತ್ತರ ಬರೆಯುತ್ತೇನೆ. ಆದರೆ ಎಲ್ಲಕ್ಕಿಂತ ಮೊದಲು ‘ನಾ ಇಲ್ಲದಿದ್ರ ಇವಕ್ಕ ಚಲೋ ಆಕ್ಕಿತ್ತು’ ಎಂದಳಲ್ಲ, ಆ ಮಾತಿನ ಬಗ್ಗೆ. ಅದನ್ನು ಬೇಸರದ ಮಾತೆಂದು ಬಿಡಬೇಡಿ. ಇವತ್ತೇ, ಮನೆಯವರೆಲ್ಲ ಉಂಡು ಮಲಗಿದ ಮೇಲೆ, ಅವಳ ಹೊರಸಿನ ಮೇಲೆ ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: ‘ಅವತ್ತು ಬೈದೆ, ಮನಸಿಗೆ ಹಚ್ಕೋಬ್ಯಾಡ. ನಿನಗ ಸಾಯಬೇಕು ಅಂತ ಅನ್ನಸ್ತೈತೇನು? ಕೂಸಿಗೆ ಏನಾರ ಮಾಡಿಬಿಡ್ತೀನಿ ಅಂತ ಅಂಜಿಕಿ ಬರ್ತೈತೇನು?’ ಹೀಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಗುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಒಬ್ಬಳೇ ಹೊತ್ತುಕೊಂಡಿದ್ದ ಭಾರವನ್ನು ಇಳಿಸಲು ಜಾಗ ಸಿಕ್ಕಂತಾಗುತ್ತದೆ. ಅವಳು ಅತ್ತರೆ ಅಳಲಿ. ಸಮಾಧಾನ ಹೇಳಲು ಅವಸರ ಮಾಡಬೇಡಿ, ‘ಎರಡು ಮುತ್ತಿನಂಥ ಮಕ್ಕಳದಾವ, ನಿನಗೇನು ಕಡಿಮಿ’ ಎನ್ನಬೇಡಿ. ಕಡಿಮೆ ಇಲ್ಲವೆಂದು ಅವಳಿಗೂ ಗೊತ್ತು. ಗೊತ್ತಿದ್ದೂ ಹೀಗನ್ನಿಸುತ್ತದಲ್ಲ ಎಂಬುದೇ ಅವಳ ಸಂಕಟ.

ಹೌದು ಎಂದಳೋ, ಅಥವಾ ಉತ್ತರ ಕೊಡದೆ ಮುಖ ತಿರುಗಿಸಿದಳೋ, ಆ ರಾತ್ರಿಯಿಂದಲೇ ಅವಳನ್ನೂ ಕೂಸನ್ನೂ ಒಂಟಿಯಾಗಿ ಬಿಡಬೇಡಿ. ಹೊಲಕ್ಕೆ ಹೊಡೆಯಲು ತಂದ ಕೀಟನಾಶಕದ ಡಬ್ಬಿ, ಇಲಿ ಪಾಷಾಣ, ಮನೆಯವರ ಬಿಪಿ-ಸಕ್ಕರೆ ಗುಳಿಗೆ ಎಲ್ಲವನ್ನೂ ಕೀಲಿಯೊಳಗಿಡಿ. 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಪರಿಸ್ಥಿತಿ ಕೈಮೀರುತ್ತಿದೆ ಅನ್ನಿಸಿದರೆ ಬೆಳಗಾಗುವವರೆಗೂ ಕಾಯದೆ ಹುಬ್ಬಳ್ಳಿಯ ಕಿಮ್ಸ್‌ನ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.

ಇನ್ನೂ ಒಂದು ಕಾಯಿಲೆಗೆ ಇದೇ ಅವಸರ ಬೇಕು. ನಮ್ಮ ಹಿರಿಯರು ಬಾಣಂತಿ ಸನ್ನಿ ಎಂದು ಕರೆದದ್ದು ಅದನ್ನೇ. ಸಾವಿರ ಹೆರಿಗೆಗೆ ಒಂದೋ ಎರಡೋ ಬಾಣಂತಿಯರಲ್ಲಿ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲೇ ಕಾಣಿಸಿಕೊಳ್ಳುತ್ತದೆ. ರಾತ್ರಿಯೆಲ್ಲ ಕಣ್ಣು ಮುಚ್ಚದೆ ಓಡಾಡುವುದು, ಸಂಬಂಧವಿಲ್ಲದ ಮಾತು, ಯಾರೋ ಕಿವಿಯಲ್ಲಿ ಹೇಳುತ್ತಿದ್ದಾರೆ ಎನ್ನುವುದು, ಇದು ನನ್ನ ಕೂಸೇ ಅಲ್ಲ, ಬದಲಿಸಿದ್ದಾರೆ ಎನ್ನುವುದು ಅದರ ಲಕ್ಷಣಗಳು. ದೆವ್ವ ಹೊಕ್ಕಿದೆ, ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಅಲೆಯುವ ಆ ಮೂರು ನಾಲ್ಕು ದಿನಗಳೇ ಅಪಾಯದ ದಿನಗಳು. ದೇವರಿಗೆ ಹರಕೆ ಹೊರುವುದಕ್ಕೆ ನನ್ನ ತಕರಾರಿಲ್ಲ, ಆಸ್ಪತ್ರೆಗೆ ಹೋದ ಮೇಲೆ ಹೊರಿ. ನಿಮ್ಮ ಮಗಳಲ್ಲಿ ಇದು ಇದ್ದಂತೆ ಪತ್ರದಿಂದ ತೋರುವುದಿಲ್ಲ. ಆದರೂ ತಿಳಿದಿರಲಿ.

ಹಾಗಾದರೆ ಅವಳಿಗೆ ಆಗಿರುವುದೇನು? ಹೆರಿಗೆಯಾದ ಮೂರನೇ ನಾಲ್ಕನೇ ದಿನದ ಹೊತ್ತಿಗೆ ಕಾರಣವಿಲ್ಲದೆ ಅಳು ಬರುವುದು, ಸಣ್ಣದಕ್ಕೂ ಸಿಡುಕುವುದು ಅರ್ಧಕ್ಕಿಂತ ಹೆಚ್ಚು ಬಾಣಂತಿಯರಿಗೆ ಆಗುತ್ತದೆ. ಅದು ಹತ್ತು ಹದಿನೈದು ದಿನಗಳಲ್ಲಿ ತಾನಾಗಿಯೇ ಹೋಗುತ್ತದೆ. ನಿಮ್ಮ ಮಗಳಿಗೆ ಏಳು ವಾರ. ಕೂಸು ಮಲಗಿದರೂ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಮಗುವಿನ ಕೆಲಸ ಮಾಡುತ್ತಾಳೆ ಆದರೆ ಅದರಲ್ಲಿ ಮನಸ್ಸಿಲ್ಲ, ತಾನು ಬೇಡದವಳು ಎಂಬ ಭಾವ. ನೋಡದೆಯೇ ರೋಗ ಇಂಥದ್ದೆಂದು ನಿರ್ಧರಿಸುವುದು ಸರಿಯಲ್ಲ. ಆದರೂ ಇದು ಹೆರಿಗೆಯ ನಂತರದ ಖಿನ್ನತೆ ಇರಬಹುದು ಎನ್ನಲು ಸಾಕಷ್ಟು ಕಾರಣಗಳಿವೆ. ವೈದ್ಯರಿಗೆ ತೋರಿಸಲೇಬೇಕು ಎನ್ನಲಂತೂ ಯಾವ ಅನುಮಾನವೂ ಇಲ್ಲ.

ಇದು ಅಪರೂಪದ್ದಲ್ಲ ಅಕ್ಕಾವ್ರೆ. ಭಾರತದ 38 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2017ರಲ್ಲಿ ಲೆಕ್ಕ ಹಾಕಿದಾಗ, ನೂರು ತಾಯಂದಿರಲ್ಲಿ ಸುಮಾರು 22 ಮಂದಿಗೆ ಹೆರಿಗೆಯ ನಂತರ ಖಿನ್ನತೆ ಕಂಡಿತ್ತು. ನಿಮ್ಮ ಓಣಿಯಲ್ಲಿ ಈ ವರ್ಷ ಐದು ತೊಟ್ಟಿಲು ಕಟ್ಟಿದ್ದರೆ ಅವುಗಳಲ್ಲಿ ಒಂದರ ಪಕ್ಕದಲ್ಲಿ ನಿಮ್ಮ ಮಗಳಂಥವಳು ಇನ್ನೊಬ್ಬಳು ಕೂತಿರಬಹುದು. ನಮಗೆ ಹತ್ತಿರದ ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನವೂ ಹೆಚ್ಚುಕಡಿಮೆ ಇದೇ ಸಂಖ್ಯೆ ಹೇಳಿತು: ಹೆರಿಗೆಯಾಗಿ ಆರರಿಂದ ಎಂಟು ವಾರದ ತಾಯಂದಿರಲ್ಲಿ ನೂರಕ್ಕೆ 23. ಕಾರಣಗಳನ್ನು ಹುಡುಕಿದಾಗ ಸಿಕ್ಕವು ಬಡತನ, ಗಂಡನ ಹೊಡೆತ-ಬಡಿತ, ಮತ್ತು ಗಂಡು ಬೇಕೆಂದಿದ್ದ ಮನೆಯಲ್ಲಿ ಹೆಣ್ಣು ಹುಟ್ಟಿದ್ದು.

ಈ ಕೊನೆಯ ಕಾರಣದ ಹತ್ತಿರ ಸ್ವಲ್ಪ ನಿಲ್ಲುತ್ತೇನೆ. ನೀವು ಅಳಿಯನ ವಿಷಯ ಎರಡೇ ಸಾಲಿನಲ್ಲಿ ಬರೆದು ಮುಗಿಸಿದ್ದೀರಿ. ನಿಮ್ಮ ಮಗಳ ಮಟ್ಟಿಗೆ ಆ ಎರಡು ಸಾಲೇ ದೊಡ್ಡದಾಗಿರಬಹುದು. ದವಾಖಾನೆಗೆ ಬಂದು ಕೂಸಿನ ಮುಖ ನೋಡಿ ಹೊರಟುಹೋದ ಗಂಡನ ಬೆನ್ನನ್ನು ಅವಳು ಹೊಲಿಗೆಯ ನೋವಿನಲ್ಲಿ ಮಲಗಿ ನೋಡಿದ್ದಾಳೆ. ‘ಗಂಡನ ಮನಿಗೆ ಹೋದ್ರ ತಾನ ಸರಿ ಹೋಗತಾಳ’ ಎಂಬ ನಿಮ್ಮ ಯಜಮಾನರ ಮಾತನ್ನು ನಾನು ಒಪ್ಪಲಾರೆ. ಅಲ್ಲಿ ಎರಡು ಮಕ್ಕಳು, ಮನೆಗೆಲಸ, ಮತ್ತೆ ಹೆಣ್ಣು ಹೆತ್ತವಳು ಎಂಬ ನೋಟ. ಈ ಸ್ಥಿತಿಯಲ್ಲಿ ಕಳಿಸಬೇಡಿ. ವೈದ್ಯರು ಚೇತರಿಸಿಕೊಂಡಿದ್ದಾಳೆ ಎನ್ನುವವರೆಗೆ ತವರಿನಲ್ಲೇ ಇರಲಿ. ಐದನೇ ತಿಂಗಳವರೆಗೆ ಬಾಣಂತನ ಮಾಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ, ಯಾರೂ ತಪ್ಪು ತಿಳಿಯುವುದಿಲ್ಲ. ಅಳಿಯನನ್ನು ಮಾತ್ರ ದೂರ ಇಡಬೇಡಿ. ವೈದ್ಯರ ಬಳಿ ಹೋಗುವ ದಿನ ಬರಲು ಹೇಳಿ. ಹೆಣ್ಣೋ ಗಂಡೋ ನಿರ್ಧಾರವಾಗುವುದು ತಂದೆಯ ಕಡೆಯಿಂದ ಎಂಬುದನ್ನು ಮಾವನ ಬಾಯಿಂದ ಕೇಳುವುದಕ್ಕಿಂತ ಡಾಕ್ಟರ ಬಾಯಿಂದ ಕೇಳಿದರೆ ನಾಟುತ್ತದೆ. ಹೆಂಡತಿಗೆ ಏನಾಗಿದೆ ಎಂದು ತಿಳಿದ ಮೇಲೆ ಗಂಡಂದಿರು ಬದಲಾಗಿದ್ದನ್ನು ನಾನು ಕಂಡಿದ್ದೇನೆ. ಎಲ್ಲರೂ ಅಲ್ಲ, ಆದರೆ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಮಂದಿ.

ಈಗ ಧಾರವಾಡದ ಮಾತು. ನಮ್ಮ ಊರಿನ ಹೆಸರು ಕೇಳಿ ಜನ ಹೆದರುವುದಕ್ಕೆ ಕಾರಣವಿದೆ. ಇಲ್ಲಿ 1845ರಲ್ಲಿ ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆ ಶುರುವಾಯಿತು. ಒಳಗೆ ಹೋದವರು ಹೊರಬರುವುದು ಕಷ್ಟವಾಗಿದ್ದ ಕಾಲ ಅದು. ಆ ಭಯ ತಲೆಮಾರುಗಳಿಂದ ಇಳಿದು ಬಂದಿದೆ. ಆಸ್ಪತ್ರೆ ಮಾತ್ರ ಬದಲಾಗಿದೆ. 2009ರಿಂದ ಅದು ಡಿಮ್ಹಾನ್ಸ್, ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿ, ತೋರಿಸಿ, ಗುಳಿಗೆ ತೆಗೆದುಕೊಂಡು ಅದೇ ದಿನ ಮನೆಗೆ ಮರಳುವವರೇ ಹೆಚ್ಚು. ನಿಮ್ಮ ಮಗಳಂಥ ಬಹುತೇಕ ತಾಯಂದಿರಿಗೆ ದಾಖಲಾಗುವ ಅಗತ್ಯವೇ ಬರುವುದಿಲ್ಲ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬಂದು ಅಲ್ಲಿಂದ ಆಟೋ ಹಿಡಿದರಾಯಿತು. ಮನೆಯವರು ಧಾರವಾಡ ಎಂದರೆ ಬೇಡವೇ ಬೇಡ ಅನ್ನುತ್ತಾರಾದರೆ ಹಟ ಹಿಡಿಯಬೇಡಿ. ಕಿಮ್ಸ್‌ನಲ್ಲಿ ಮನೋವೈದ್ಯ ವಿಭಾಗವಿದೆ, ಅಲ್ಲೇ ಹೆರಿಗೆ ವಿಭಾಗವೂ ಇದೆ. ‘ಬಾಣಂತಿ ತಪಾಸಣೆಗೆ ಕಿಮ್ಸ್‌ಗೆ ಹೊಂಟೀವಿ’ ಎಂದರೆ ಸುಳ್ಳೂ ಆಗುವುದಿಲ್ಲ. ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಯಲ್ಲೂ ಮನೋವೈದ್ಯರಿದ್ದಾರೆ. ಯಾವ ಆಸ್ಪತ್ರೆಗೆ ಹೋಗುತ್ತೀರಿ ಎಂಬುದಕ್ಕಿಂತ ಈ ವಾರವೇ ಹೋಗುವುದು ಮುಖ್ಯ.

ಕೂಸನ್ನು ಬೇರೆ ಇಡುತ್ತಾರೆಯೇ ಎಂದು ಕೇಳಿದ್ದೀರಿ. ಕಾನೂನು ಹೇಳುವುದು ಇದಕ್ಕೆ ತದ್ವಿರುದ್ಧ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಕಲಮು ಸ್ಪಷ್ಟವಾಗಿದೆ: ಮಾನಸಿಕ ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸುವಂತಿಲ್ಲ. ತಾಯಿಯ ಕಾಯಿಲೆಯಿಂದ ಮಗುವಿಗೆ ಅಪಾಯವಿದೆ ಎಂದು ಮನೋವೈದ್ಯರಿಗೆ ಅನ್ನಿಸಿದರೆ, ಅಥವಾ ಮಗುವಿನ ಹಿತಕ್ಕೆ ಅದು ಅಗತ್ಯವೆನಿಸಿದರೆ, ತಾತ್ಕಾಲಿಕವಾಗಿ ಮಾತ್ರ ಬೇರೆ ಇಡಬಹುದು. ಆಗಲೂ ಸಿಬ್ಬಂದಿ ಅಥವಾ ಮನೆಯವರ ನಿಗಾದಲ್ಲಿ ತಾಯಿ ಮಗುವನ್ನು ನೋಡಬಹುದು. ಹದಿನೈದು ದಿನಕ್ಕೊಮ್ಮೆ ಆ ನಿರ್ಧಾರವನ್ನು ಮರುಪರಿಶೀಲಿಸಬೇಕು. ಈ ಕಾಯ್ದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಅದಕ್ಕೂ ಮುಂಚೆಯೇ, 2009ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ತಾಯಿ-ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ಘಟಕ ಆರಂಭಿಸಿತು. ನಮ್ಮ ದೇಶದಲ್ಲಿ ಅಂಥದ್ದು ಅದೇ ಮೊದಲು. ಅಲ್ಲಿ ತಾಯಿಯ ಚಿಕಿತ್ಸೆ ನಡೆಯುತ್ತಿರುವಾಗ ಮಗು ಅವಳ ಮಗ್ಗುಲಲ್ಲೇ ಇರುತ್ತದೆ. ಅದಕ್ಕೆ ಸ್ನಾನ ಮಾಡಿಸುವುದು, ಹಾಲೂಡಿಸುವುದು, ಅದರ ಜೊತೆ ಮಾತಾಡುವುದು ಕೂಡ ಚಿಕಿತ್ಸೆಯ ಭಾಗವೇ.

ಬೀಗರು ಕೂಸನ್ನು ಕಸಿದುಕೊಳ್ಳುವ ಭಯಕ್ಕೂ ಆಧಾರ ಕಡಿಮೆ. ವೈದ್ಯರು ರೋಗಿಯ ವಿಷಯವನ್ನು ಗುಟ್ಟಾಗಿಡಬೇಕೆಂದು ಇದೇ ಕಾಯ್ದೆ ಹೇಳುತ್ತದೆ. 1956ರ ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವ ಕಾಯ್ದೆಯ ಪ್ರಕಾರ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕು. ಗುಣವಾಗುವ ಕಾಯಿಲೆಗೆ ನಾಲ್ಕಾರು ತಿಂಗಳು ಗುಳಿಗೆ ತಿಂದದ್ದು ಹೆಂಡತಿಯನ್ನು ಬಿಡಲು ಕಾರಣವಾಗದು. ಅಂಥ ಮಾತು ಎದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತವಾಗಿ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಅದು ಬೇಕಾಗದಿರಲಿ, ಆದರೆ ನಂಬರು ಬರೆದಿಟ್ಟುಕೊಳ್ಳಿ.

ಗುಳಿಗೆ ತೆಗೆದುಕೊಂಡರೆ ಎದೆಹಾಲು ಬಿಡಿಸಲೇಬೇಕು ಎಂಬುದು ಹಳೆಯ ತಿಳಿವಳಿಕೆ. ಹಾಲಿನಲ್ಲಿ ಬಹಳ ಕಡಿಮೆ ಸೇರುವ, ಹಾಲುಣಿಸುವ ತಾಯಂದಿರಿಗೆ ಎಷ್ಟೋ ವರ್ಷಗಳಿಂದ ಕೊಡುತ್ತಿರುವ ಖಿನ್ನತೆಯ ಔಷಧಗಳಿವೆ, ಸರ್ಟ್ರಾಲಿನ್‌ನಂಥವು. ಯಾವುದು, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಹಾಲು ಕುಡಿಸುತ್ತಿದ್ದಾಳೆ ಎಂದು ನೀವು ಮೊದಲೇ ತಿಳಿಸಿ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಮೊದಲ ವಾರದಲ್ಲಿ ಏನೂ ಆಗಲಿಲ್ಲವೆಂದು ಬಿಡಬಾರದು, ನಗುಮುಖ ಬಂತೆಂದೂ ತಾವಾಗಿ ನಿಲ್ಲಿಸಬಾರದು. ಸೌಮ್ಯ ಖಿನ್ನತೆಯಾಗಿದ್ದರೆ ಗುಳಿಗೆಯಿಲ್ಲದೆ ಆಪ್ತಸಮಾಲೋಚನೆಯಿಂದಲೂ ಸರಿಹೋಗುವುದುಂಟು. ರಕ್ತ ತಪಾಸಣೆಯನ್ನೂ ಕೇಳಿ ಮಾಡಿಸಿ. ರಕ್ತ ಕಡಿಮೆಯಾಗಿದ್ದರೆ, ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾಗಿದ್ದರೆ ಇದೇ ದಣಿವು, ಇದೇ ಬೇಸರ ಕಾಣಿಸುತ್ತದೆ.

ಮನೆಯಲ್ಲಿ ನೀವು ಮಾಡಬೇಕಾದದ್ದು ದೊಡ್ಡದೇನಲ್ಲ. ಎಣ್ಣೆ-ನೀರು, ಅಂಟಿನುಂಡಿ ನಡೆಯಲಿ. ಆದರೆ ಗಾಳಿ ಸೋಕುತ್ತದೆಂದು ಕಿಟಕಿ ಮುಚ್ಚಿದ ಕೋಣೆಯಲ್ಲಿ ದಿನವಿಡೀ ಕೂರಿಸಬೇಡಿ. ಹೊರಸಿನ ಕೆಳಗೆ ಕುಳ್ಳಿನ ಕೆಂಡ ಇಡುವುದಿದ್ದರೆ ಬಿಡಿ, ಆ ಹೊಗೆ ಕೂಸಿನ ಉಸಿರಿಗೂ ಒಳ್ಳೆಯದಲ್ಲ. ಎಳೆ ಬಿಸಿಲಿನಲ್ಲಿ ಕಟ್ಟೆಯ ಮೇಲೆ ಕೂರಲಿ, ಹೊಟ್ಟೆ ತುಂಬ ನೀರು ಕುಡಿಯಲಿ. ರಾತ್ರಿ ಒಂದು ಸಲ ಹಾಲು ಕುಡಿಸಿದ ಮೇಲೆ ಕೂಸನ್ನು ನೀವು ಇಟ್ಟುಕೊಳ್ಳಿ, ಅವಳಿಗೆ ನಾಲ್ಕೈದು ತಾಸು ಒಂದೇ ಸಮ ನಿದ್ದೆ ಸಿಗುವಂತೆ ಮಾಡಿ. ದೊಡ್ಡ ಮೊಮ್ಮಗಳನ್ನು ನಿಮ್ಮ ತಂಗಿ ಸ್ವಲ್ಪ ನೋಡಿಕೊಳ್ಳಲಿ.

‘ಎಲ್ಲಾ ನಾರ್ಮಲ್’ ಎಂದ ಡಾಕ್ಟರ ಬಗ್ಗೆ ಒಂದು ಮಾತು. ಅವರು ಹೊಲಿಗೆ ನೋಡಿ ಹೇಳಿದರು, ಹೊಲಿಗೆ ಸರಿಯೇ ಇತ್ತು. ನಮ್ಮ ವ್ಯವಸ್ಥೆಯ ಕೊರತೆ ಇರುವುದೇ ಇಲ್ಲಿ. ಮನೆಗೆ ಬರುವ ಆಶಾ ಕಾರ್ಯಕರ್ತೆಯನ್ನು ನೆನೆಸಿಕೊಳ್ಳಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಆಕೆ ಬರಬೇಕು. ಚೀಲದಿಂದ ತಕ್ಕಡಿ ತೆಗೆದು ಕೂಸನ್ನು ಬಟ್ಟೆಯ ಜೋಳಿಗೆಯಲ್ಲಿ ತೂಗುತ್ತಾಳೆ, ಕಂಕುಳಲ್ಲಿ ಥರ್ಮಾಮೀಟರ್ ಇಡುತ್ತಾಳೆ, ಗಡಿಯಾರ ಹಿಡಿದು ಉಸಿರು ಎಣಿಸುತ್ತಾಳೆ, ಹೊಕ್ಕುಳು ನೋಡುತ್ತಾಳೆ. ತಾಯಿಗೆ ಜ್ವರ, ರಕ್ತಸ್ರಾವ ಇದೆಯೇ ಎಂದು ವಿಚಾರಿಸುತ್ತಾಳೆ. ಆಮೇಲೆ ಫಾರ್ಮು ತುಂಬುತ್ತಾಳೆ. ಇಷ್ಟು ಹೊತ್ತೂ ತಾಯಿ ಅಲ್ಲೇ, ಒಂದು ಮೊಳ ದೂರದಲ್ಲಿ ಕೂತಿರುತ್ತಾಳೆ. ‘ನಿನ್ನ ಮನಸಿಗೆ ಹ್ಯಾಂಗ ಐತಿ?’ ಎಂಬ ಪ್ರಶ್ನೆ ಮಾತ್ರ ಆಕೆಯ ಸ್ವಂತ ಕಾಳಜಿಗೆ ಬಿಟ್ಟದ್ದು. ಹಾಗೆ ಕೇಳುವ ಆಶಾ ಅಕ್ಕಂದಿರನ್ನು ನಾನು ಬಲ್ಲೆ. ಆದರೆ ಒಬ್ಬರ ಒಳ್ಳೆಯತನದ ಮೇಲೆ ನಿಂತ ವ್ಯವಸ್ಥೆ ಸಾಲದು.

ಸರ್ಕಾರ ಏನೂ ಮಾಡಿಲ್ಲವೆಂದರೆ ಅನ್ಯಾಯವಾಗುತ್ತದೆ. ಮಾನಸಿಕ ಚಿಕಿತ್ಸೆಯನ್ನು ಜಿಲ್ಲೆ, ತಾಲೂಕಿಗೆ ಒಯ್ಯಬಹುದೆಂದು 1980ರ ದಶಕದಲ್ಲಿ ದೇಶಕ್ಕೆ ತೋರಿಸಿಕೊಟ್ಟಿದ್ದೇ ನಿಮ್ಹಾನ್ಸ್ ವೈದ್ಯರು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗ. 1996ರಲ್ಲಿ ಕೇಂದ್ರ ಶುರುಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೇ ಬರುವ ವ್ಯವಸ್ಥೆಯನ್ನು ಕರ್ನಾಟಕ ಮಾಡಿತು. ಕಲಘಟಗಿ, ಕುಂದಗೋಳ, ನವಲಗುಂದದ ಕಡೆಯಿಂದ ಇದನ್ನು ಓದುತ್ತಿರುವವರು ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಆ ದಿನ ಯಾವುದೆಂದು ವಿಚಾರಿಸಿ. ಕೇಂದ್ರದ ಮಾತೃವಂದನಾ ಯೋಜನೆಯ ಹಣ, ಅಂಗನವಾಡಿಯಲ್ಲಿ ಮಾತೃಪೂರ್ಣದ ಬಿಸಿಯೂಟ, ಮನೆಗೆ ಬರುವ ಆಶಾ, ಎಲ್ಲವೂ ಇದೆ. ಆದರೆ ಹೆರಿಗೆಯ ಕಾರ್ಯಕ್ರಮವೂ ಮನಸ್ಸಿನ ಕಾರ್ಯಕ್ರಮವೂ ಬೇರೆ ಬೇರೆ ದಾರಿಯಲ್ಲಿ ನಡೆಯುತ್ತಿವೆ, ಎರಡನ್ನೂ ಕೂಡಿಸುವ ಕೆಲಸ ಬಾಕಿ ಇದೆ. ಕೇರಳ ‘ಅಮ್ಮ ಮನಸ್’ ಎಂಬ ಕಾರ್ಯಕ್ರಮದಲ್ಲಿ ಗರ್ಭಿಣಿ, ಬಾಣಂತಿಯರ ಮನಸ್ಸಿನ ತಪಾಸಣೆಗೆ ಆರೋಗ್ಯ ಕಾರ್ಯಕರ್ತೆಯರನ್ನು ತರಬೇತುಗೊಳಿಸಿತು. ಅದು ನಮಗೂ ಆಗದ ಕೆಲಸವಲ್ಲ. ಎಡಿನ್‌ಬರೋ ಪ್ರಶ್ನಾವಳಿ ಎಂದು 1987ರಿಂದ ಜಗತ್ತೆಲ್ಲ ಬಳಸುವ ಹತ್ತು ಪ್ರಶ್ನೆಗಳಿವೆ. ಕನ್ನಡದಲ್ಲೂ ಅವು ಸಿದ್ಧವಾಗಿವೆ, ನಮ್ಮ ಹಳ್ಳಿಗಳಲ್ಲೇ ಪರೀಕ್ಷಿಸಿ ನೋಡಿದ್ದಾಗಿದೆ. ಹತ್ತನೆಯ ಪ್ರಶ್ನೆ, ನಿಮಗೆ ಇವತ್ತೇ ಕೇಳಿ ಎಂದೆನಲ್ಲ, ಅದೇ. ಐದು ನಿಮಿಷದ ಕೆಲಸ. ತಾಯಿ ಕಾರ್ಡಿನಲ್ಲಿ ತೂಕ, ಬಿಪಿ, ಹಿಮೋಗ್ಲೋಬಿನ್ ಬರೆಯುವಂತೆ ಇದಕ್ಕೂ ಒಂದು ಸಾಲು ಕಡ್ಡಾಯವಾಗಲಿ. ಆಶಾ ಅಕ್ಕಂದಿರಿಗೆ ಈ ಕೆಲಸಕ್ಕೆ ತರಬೇತಿಯ ಜೊತೆಗೆ ಗೌರವಧನವೂ ಸಿಗಲಿ. ನಿಮ್ಹಾನ್ಸ್‌ನಂಥ ತಾಯಿ-ಮಗು ಘಟಕಗಳು ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲೂ ಆಗಲಿ. ಬೀದರಿನ ಬಾಣಂತಿ ಅದಕ್ಕಾಗಿ ಬೆಂಗಳೂರಿನವರೆಗೆ ಹೋಗುವಂತಾಗಬಾರದು. ಆರೋಗ್ಯ ಇಲಾಖೆಯವರು ಇದನ್ನು ಓದುತ್ತಿದ್ದರೆ, ಇದು ನನ್ನ ಕೈಮುಗಿದ ಬೇಡಿಕೆ.

ಅಕ್ಕಾವ್ರೆ, ನೀವು ಇಲಾಖೆಗಾಗಿ ಕಾಯಬೇಕಾಗಿಲ್ಲ. ನಿಮ್ಮ ಓಣಿಯ ಆಶಾ ಅಕ್ಕನಿಗೆ ಇವತ್ತೇ ಹೇಳಿ ಕಳಿಸಿ, ಸಾಧ್ಯವಾದರೆ ಜೊತೆಗೆ ಬರಲಿ. ಮಗಳು ಬರಲೊಲ್ಲೆ ಎಂದರೆ ‘ಹುಚ್ಚು ಅಂತ ಅಲ್ಲವ್ವಾ, ನಿನಗ ನಿದ್ದಿ ಇಲ್ಲ, ಅದನ್ನ ತೋರಸೂನು’ ಎನ್ನಿ. ಆ ಮಾತಿಗೆ ಹೆಚ್ಚಿನ ಬಾಣಂತಿಯರು ಒಪ್ಪುತ್ತಾರೆ, ಯಾಕೆಂದರೆ ನಿದ್ದೆ ಅವರಿಗೂ ಬೇಕಾಗಿರುತ್ತದೆ. ಬೆಳಿಗ್ಗೆ ಬೇಗ ಹೊರಡಿ. ತಾಯಿ ಕಾರ್ಡು, ಡಿಸ್ಚಾರ್ಜ್ ಚೀಟಿ, ಈಗ ತಿನ್ನುತ್ತಿರುವ ಗುಳಿಗೆಗಳು ಚೀಲದಲ್ಲಿರಲಿ. ಕೂಸನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ, ಜೊತೆಗೇ ಕರೆದೊಯ್ಯಿರಿ. ತಾಯಿ ಮಗುವನ್ನು ಹೇಗೆ ಎತ್ತಿಕೊಳ್ಳುತ್ತಾಳೆ, ಹೇಗೆ ನೋಡುತ್ತಾಳೆ ಎಂಬುದನ್ನೂ ವೈದ್ಯರು ನೋಡಬೇಕಾಗುತ್ತದೆ.